ವಿದ್ಯುತ್ ಮೌಂಟನ್ ಬೈಕಿಗೆ ಬಿಡಿಭಾಗಗಳನ್ನು ಕೊಳ್ಳುವ ಬಗೆ

ಮೋಟಾರು ಮತ್ತು ಬ್ಯಾಟರಿ ಹೊತ್ತ ಮೌಂಟನ್ ಬೈಕು ಸಾಮಾನ್ಯವಾಗಿ 20ರಿಂದ 25 ಕಿಲೋ ತೂಗುತ್ತದೆ. ಮೋಟಾರಿಲ್ಲದ ಬೈಕಿನ ತೂಕ ಹೆಚ್ಚಾಗಿ 12ರಿಂದ 15 ಕಿಲೋ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಸಾಮಾನ್ಯ ಬೈಕಿನಲ್ಲಿ ಕೆಲವು ಗ್ರಾಂ ಇಳಿಸಲು ಹಣ ಸುರಿಯುವವರುಂಟು. ಇಲ್ಲಿ ಏರಿನ ಭಾರವನ್ನು ಮೋಟಾರು ಹೊರುವುದರಿಂದ, ಹಗುರವಾದ ಭಾಗಗಳಿಗಿಂತ ಇಳಿಜಾರಿನಲ್ಲಿ ಆ ಭಾರವನ್ನು ಹಿಡಿದು ನಿಲ್ಲಿಸಬಲ್ಲ ಗಟ್ಟಿ ಭಾಗಗಳಿಗೆ ಹಣ ಹಾಕುವುದೇ ಸರಿ.

ಅಂಗಡಿಗೆ ಹೋಗುವ ಮುನ್ನ ಬೈಕಿನ ಪಕ್ಕದಲ್ಲಿ ಕುಳಿತು, ರೋಟರಿನ (ಬ್ರೇಕ್ ಹಿಡಿಯುವ ಲೋಹದ ತಟ್ಟೆಯ) ವ್ಯಾಸ, ಅದು ಆರು ಬೋಲ್ಟಿನದೋ ಸೆಂಟರ್‌ಲಾಕ್ (ನಡುವೆ ಒಂದೇ ಉಂಗುರದಿಂದ ಬಿಗಿಯುವ) ಬಗೆಯದೋ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಗರಿಷ್ಠ ಎಷ್ಟು ದೊಡ್ಡ ರೋಟರನ್ನು ಒಪ್ಪುತ್ತದೆ, ಹಿಂದಿನ ಚಕ್ರದ ಗೇರುಗಳ ಗೊಂಚಲಾದ ಕ್ಯಾಸೆಟ್ಟಿನಲ್ಲಿ ಎಷ್ಟು ಹಲ್ಲುಚಕ್ರಗಳಿವೆ, ಸೀಟಿನ ಕೊಳವೆಯ ಒಳವ್ಯಾಸವೆಷ್ಟು ಎಂಬುದನ್ನು ಬರೆದುಕೊಳ್ಳಿ. ಕೊಂಡ ವಸ್ತು ಕೂರದೆ ಹಿಂದಿರುಗಿಸಬೇಕಾಗುವುದು ಹೆಚ್ಚಾಗಿ ಈ ಅಳತೆಗಳನ್ನು ನೋಡದೇ ಇದ್ದುದರಿಂದ.

ಮೊದಲ ಖರ್ಚು ಬ್ರೇಕಿಗೇ ಇರಲಿ. 180 ಮಿ.ಮೀ. ರೋಟರಿನ ಬದಲು 203 ಮಿ.ಮೀ. ರೋಟರನ್ನು ಹಾಕಿದರೆ, ಬೆರಳು ಅಷ್ಟೇ ಬಲ ಹಾಕಿದರೂ ಚಕ್ರವನ್ನು ತಡೆಯುವ ಶಕ್ತಿ ಸುಮಾರು ಶೇಕಡ 13ರಷ್ಟು ಹೆಚ್ಚುತ್ತದೆ. ಉದ್ದದ ಇಳಿಜಾರಿನಲ್ಲಿ ಬಿಸಿಯೂ ಬೇಗ ಹೊರಹೋಗುತ್ತದೆ. ಇದಕ್ಕೆ ಕ್ಯಾಲಿಪರನ್ನು (ಪ್ಯಾಡುಗಳನ್ನು ರೋಟರಿಗೆ ಒತ್ತುವ ಭಾಗವನ್ನು) ತುಸು ಮೇಲೆತ್ತುವ ಅಡಾಪ್ಟರ್ ಬೇಕಾಗುತ್ತದೆ. ಅದನ್ನು ಜೊತೆಗೇ ಕೊಳ್ಳಿ. ಪ್ಯಾಡುಗಳಲ್ಲಿ ರೆಸಿನ್ ಬಗೆಯವು ಸದ್ದಿಲ್ಲದೆ ಕೆಲಸ ಮಾಡುತ್ತವೆಯಾದರೂ ಕೆಸರು ಮತ್ತು ಮಳೆಯಲ್ಲಿ ಬೇಗ ಸವೆಯುತ್ತವೆ. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡುಗಳು ಬಿಸಿಯನ್ನು ತಾಳುತ್ತವೆ, ಹೆಚ್ಚು ಕಾಲ ಬರುತ್ತವೆ, ಕೊಂಚ ಸದ್ದು ಮಾಡುತ್ತವೆ. ಕೆಲವು ಅಗ್ಗದ ರೋಟರುಗಳ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂದು ಅಚ್ಚಾಗಿರುತ್ತದೆ. ಅಂಥವಕ್ಕೆ ಸಿಂಟರ್ಡ್ ಪ್ಯಾಡ್ ಹಾಕಿದರೆ ರೋಟರೇ ಸವೆದುಹೋಗುತ್ತದೆ. ಬ್ರೇಕಿನ ದ್ರವದಲ್ಲಂತೂ ಊಹೆ ಸಲ್ಲದು. ಶಿಮಾನೋ ಬ್ರೇಕುಗಳಿಗೆ ಮಿನರಲ್ ಆಯಿಲ್ ಬೇಕು, ಸ್ರ್ಯಾಮ್‌ನ ಹಲವು ಬ್ರೇಕುಗಳಿಗೆ ಡಾಟ್ ಎಂಬ ಬೇರೆ ಬಗೆಯ ದ್ರವ ಬೇಕು; ಒಂದರಲ್ಲಿ ಇನ್ನೊಂದನ್ನು ತುಂಬಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಇನ್ನೊಂದು ಮಾತು: ಕೆಲವು ಬೈಕುಗಳಲ್ಲಿ ವೇಗವನ್ನು ಅಳೆಯುವ ಅಯಸ್ಕಾಂತ ಹಿಂದಿನ ರೋಟರಿನಲ್ಲೇ ಕೂತಿರುತ್ತದೆ. ಅದನ್ನು ಗಮನಿಸದೆ ಬೇರೆ ರೋಟರ್ ಹಾಕಿದರೆ ವೇಗದ ಸುಳಿವು ಸಿಗದೆ ಮೋಟಾರು ದೋಷ ತೋರಿಸುತ್ತದೆ.

ಅನಂತರದ ಸ್ಥಾನ ಟೈರಿನದು. ಭಾರದ ಬೈಕು ಕಲ್ಲಿಗೆ ಬಡಿದಾಗ ತೆಳುವಾದ ಟೈರಿನ ಪಕ್ಕೆ ಸೀಳುತ್ತದೆ, ಆದ್ದರಿಂದ ಪಕ್ಕೆ ಬಲಪಡಿಸಿದ ಟೈರನ್ನು, ಕನಿಷ್ಠ ಹಿಂದಿನ ಚಕ್ರಕ್ಕಾದರೂ, ಆರಿಸಿಕೊಳ್ಳಿ. ಟ್ಯೂಬ್‌ಲೆಸ್ (ಒಳ ಟ್ಯೂಬಿಲ್ಲದಂತೆ) ಮಾಡಿಸಿದ್ದರೆ, ತೂತು ಮುಚ್ಚುವ ಒಳಗಿನ ಸೀಲಂಟ್ ದ್ರವ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಒಂದು ಬಾಟಲಿ ಮನೆಯಲ್ಲಿರಲಿ. ಗಾಳಿಯ ಒತ್ತಡವನ್ನು ನಿಖರವಾಗಿ ತೋರಿಸುವ ಚಿಕ್ಕ ಗೇಜ್ ಬಹಳ ಅಗ್ಗದ್ದು, ಆದರೂ ನನ್ನ ಮಟ್ಟಿಗೆ ಅದರಷ್ಟು ಉಪಯೋಗಕ್ಕೆ ಬಂದ ವಸ್ತು ಮತ್ತೊಂದಿಲ್ಲ.

ಸವಾರನ ಕಾಲಿನ ಬಲಕ್ಕೆ ಮೋಟಾರಿನದೂ ಸೇರುವುದರಿಂದ ಚೈನು ಬೇಗ ಸವೆಯುತ್ತದೆ. ಬಾಷ್ ಕಂಪನಿಯ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಬಗೆಯ ಮೋಟಾರುಗಳಲ್ಲಿ ಆ ತಿರುಚುಬಲ (ಟಾರ್ಕ್) 85 ನ್ಯೂಟನ್ ಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚಿರುತ್ತದೆ. 11 ಅಥವಾ 12 ಗೇರಿನ ಬೈಕಿನಲ್ಲಿ ಚೈನ್ ಅಳೆಯುವ ಉಪಕರಣ ಶೇಕಡ 0.5ರ ಸವೆತ ತೋರಿಸಿದೊಡನೆ ಚೈನನ್ನು ಬದಲಿಸಿದರೆ, ಅದಕ್ಕಿಂತ ಎಷ್ಟೋ ದುಬಾರಿಯಾದ ಕ್ಯಾಸೆಟ್ ಉಳಿಯುತ್ತದೆ.

ಸೀಟನ್ನು ಸವಾರಿಯಲ್ಲೇ ಇಳಿಸಬಲ್ಲ ಡ್ರಾಪರ್ ಪೋಸ್ಟ್ ಇಲ್ಲದಿದ್ದರೆ ಕಡಿದಾದ ದಾರಿಗೆ ಅದೂ ಬೇಕು; 30.9, 31.6, 34.9 ಮಿ.ಮೀ. ವ್ಯಾಸಗಳಲ್ಲಿ ನಿಮ್ಮ ಕೊಳವೆಗೆ ಒಪ್ಪುವುದನ್ನೇ ಆರಿಸಿ.

ಹೆಚ್ಚುವರಿ ಬ್ಯಾಟರಿಯನ್ನು ಮೋಟಾರಿನ ತಯಾರಕರಿಂದಲೇ, ಅದೇ ಪೀಳಿಗೆಯ ವ್ಯವಸ್ಥೆಗೆ ಸೇರಿದ್ದನ್ನೇ ಕೊಳ್ಳಬೇಕು. ಹೊರಗಿನವರು ಜೋಡಿಸಿದ ಅಗ್ಗದ ಲಿಥಿಯಂ ಬ್ಯಾಟರಿಯಿಂದ ಬೆಂಕಿಯ ಅಪಾಯವಿದೆ. ಇಲ್ಲಿ ಉಳಿತಾಯದ ಯೋಚನೆ ಖಂಡಿತ ಬೇಡ. ತಿಂಗಳುಗಟ್ಟಲೆ ಬಳಸದಿದ್ದಾಗ 30ರಿಂದ 60 ಶೇಕಡದಷ್ಟು ಚಾರ್ಜಿನೊಂದಿಗೆ ತಂಪಾದ, ಒಣ ಜಾಗದಲ್ಲಿಡಿ. ಮೋಟಾರಿನ ವೇಗಮಿತಿಯನ್ನು ಮುರಿಯುವ ಎಲೆಕ್ಟ್ರಾನಿಕ್ ಚಿಪ್ಗಳನ್ನು ಕೊಳ್ಳಲೇಬೇಡಿ. ಅವು ವಾರಂಟಿಯನ್ನು ಕಳೆಯುತ್ತವೆ, ಮತ್ತು ಯುರೋಪಿಯನ್ ಒಕ್ಕೂಟದಂತೆ ಗಂಟೆಗೆ 25 ಕಿ.ಮೀ.ಗೆ ಮೋಟಾರಿನ ನೆರವು ನಿಲ್ಲಬೇಕೆಂಬ ನಿಯಮವಿರುವ ಕಡೆ ಅಂಥ ಬೈಕನ್ನು ರಸ್ತೆಗೆ ತರುವುದು ಕಾನೂನಿಗೆ ವಿರುದ್ಧವಾಗುತ್ತದೆ.

ಕಾರಿನ ಹಿಂದೆ ಬೈಕು ಸಾಗಿಸುವ ಕ್ಯಾರಿಯರ್ ಕೊಳ್ಳುವಾಗ ಅದರ ಒಟ್ಟು ಮಿತಿಯ ಜೊತೆಗೆ ಒಂದೊಂದು ಬೈಕಿಗೆ ಎಷ್ಟು ಕಿಲೋ ಎಂಬುದನ್ನೂ ಓದಿ, ಮತ್ತು ಬ್ಯಾಟರಿಯನ್ನು ತೆಗೆದು ಕಾರಿನೊಳಗೆ ಇಟ್ಟುಕೊಳ್ಳಿ.

ಎಲ್ಲವನ್ನೂ ಒಂದೇ ದಿನ ಜೋಡಿಸಬೇಡಿ. ಒಂದು ಭಾಗ ಬದಲಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಹಳೆಯ ದಾರಿಯಲ್ಲೇ ಎರಡು ಮೂರು ಸಲ ಓಡಿಸಿ ನೋಡಿ, ಅನಂತರ ಮುಂದಿನದನ್ನು ಕೈಗೆತ್ತಿಕೊಳ್ಳಿ. ಹೊಸ ಬ್ರೇಕ್ ಪ್ಯಾಡುಗಳನ್ನಂತೂ ಸಮತಟ್ಟಾದ ಜಾಗದಲ್ಲಿ ಇಪ್ಪತ್ತು ಸಲವಾದರೂ ಮೆಲ್ಲನೆ ಹಿಡಿದು ಬಿಟ್ಟು ಪಳಗಿಸಿದ ಮೇಲೆಯೇ ಇಳಿಜಾರಿಗೆ ಇಳಿಯಿರಿ.