ಅಪ್ಪನ ನೌಕರಿಯ ಬದುಕನ್ನು ಪುಸ್ತಿಕೆ ಮಾಡಿದ್ದು

ಅಪ್ಪ ಹೋದ ವಾರ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: 'ದೇವರಂಥ ಮನುಷ್ಯ.' ದಾವಣಗೆರೆಯ ನಮ್ಮ ಓಣಿಯ ತುದಿಯಲ್ಲಿ ಕಟ್ಟಿದ ಫ್ಲೆಕ್ಸಿನಲ್ಲಿ 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಅಂತ ಇತ್ತು. ಅದೇ ತಿಂಗಳು ಪಕ್ಕದ ಬೀದಿಯಲ್ಲಿ ತೀರಿಕೊಂಡವರ ಫ್ಲೆಕ್ಸಿನಲ್ಲೂ ಅದೇ ಸಾಲು. ಅಪ್ಪ 1971ರಲ್ಲಿ ಗ್ರಾಮ ಲೆಕ್ಕಿಗರಾಗಿ ಕಂದಾಯ ಇಲಾಖೆಗೆ ಸೇರಿದವರು. ಜಗಳೂರು, ಚಳ್ಳಕೆರೆ ತಾಲ್ಲೂಕುಗಳಲ್ಲೇ ಹೆಚ್ಚುಕಮ್ಮಿ ಇಡೀ ಸೇವೆ ಮುಗಿಸಿದರು. ಹಾಗಾಗಿ ವರ್ಷದ ಪುಣ್ಯಸ್ಮರಣೆಗೆ ಸ್ಟೀಲ್ ಡಬ್ಬಿ ಹಂಚುವ ಬದಲು ಒಂದು ಪುಸ್ತಿಕೆ ಮಾಡೋಣ ಅಂದೆ. ಅಣ್ಣ ಒಪ್ಪಿದ. ಹೊಗಳಿಕೆ ಬೇಡ, ಅಪ್ಪ ಏನು ಕೆಲಸ ಮಾಡಿದರು ಅನ್ನೋದಷ್ಟೇ ಇರಬೇಕು ಅಂತ ಇಬ್ಬರೂ ಮಾತಾಡಿಕೊಂಡೆವು.

ನಾನು ಶುರು ಮಾಡಿದ್ದು ಸೇವಾ ಪುಸ್ತಕದಿಂದ. ನೌಕರರ ಬಾಯಲ್ಲಿ ಅದು 'ಎಸ್.ಆರ್.' ಪಿಂಚಣಿ ಕಾಗದ ಕಳಿಸುವಾಗ ಅಪ್ಪ ಅದರ ಜೆರಾಕ್ಸ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದರು. ಸರ್ಕಾರಿ ನೌಕರರ ಮಕ್ಕಳಾಗಿದ್ದರೆ ಮೊದಲು ಅದನ್ನು ಹುಡುಕಿ. ಯಾವ ಊರಿಗೆ ಯಾವತ್ತು ವರ್ಗ, ಯಾವತ್ತು ಇನ್‌ಕ್ರಿಮೆಂಟ್, ಯಾವತ್ತು ರಜೆ, ಎಲ್ಲ ಅದರಲ್ಲಿರುತ್ತದೆ. ಸಿ.ಎಲ್. ಅಂದರೆ ಸಾಂದರ್ಭಿಕ ರಜೆ ಮಾತ್ರ ಅದರಲ್ಲಿ ಏರಿಸುವುದಿಲ್ಲ. ಅಪ್ಪನ ಪುಸ್ತಕದಲ್ಲಿ ಗಳಿಕೆ ರಜೆಯ ಸಾಲುಗಳು ತೀರಾ ಕಮ್ಮಿ. ಇದ್ದವುಗಳ ತಾರೀಕನ್ನು ಅವ್ವನ ಮುಂದೆ ಒಂದೊಂದೇ ಓದಿದೆ. ಅವ್ವ ತಡಮಾಡದೆ ಹೇಳುತ್ತಾ ಹೋದರು. 'ಅದು ನಿಂಗೆ ಕಾಮಾಲೆ ಆದಾಗ. ಇದು ನಿಮ್ಮಣ್ಣ ಕೈ ಮುರ್ಕೊಂಡಾಗ.' ಒಂದು ಪುಟದಲ್ಲಿ ಅಪ್ಪ ಬಡ್ತಿ ಬೇಡ ಅಂತ ಬರೆದುಕೊಟ್ಟ ನಮೂದು ಇತ್ತು. ಕಾರಣ ಬರೆದಿರಲಿಲ್ಲ. ಆ ವರ್ಷ ನಾನು ಎಸ್ಸೆಸ್ಸೆಲ್ಸಿ. ದೂರದ ತಾಲ್ಲೂಕಿಗೆ ಹೋಗಬೇಕಿತ್ತಂತೆ, ರಾತ್ರಿ ಮನೆಗೆ ಬರೋಕೆ ಬಸ್ ಇರಲಿಲ್ಲವಂತೆ. ಅಪ್ಪ ಈ ವಿಷಯ ಮನೆಯಲ್ಲಿ ಒಂದು ಸಲವೂ ಎತ್ತಿರಲಿಲ್ಲ. ನಾನು ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದೆ. ವಿವರಿಸಲು ಹೋದರೆ ಕೆಡುತ್ತದೆ ಅನ್ನಿಸಿತು.

ಆಮೇಲೆ ಊರುಗಳಿಗೆ ಹೋದೆವು. ಅಪ್ಪನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವಂಶಪಾರಂಪರ್ಯದ ಶಾನುಭೋಗಿಕೆ 1960ರ ದಶಕದಲ್ಲೇ ರದ್ದಾದರೂ ಹಳ್ಳಿಯವರ ಬಾಯಲ್ಲಿ ಅಪ್ಪ 'ಸೈಕಲ್ ಶಾನುಭೋಗ್ರು.' ಹಾಗೆ ಕೇಳಿದ ಕೂಡಲೇ ಕಟ್ಟೆ ಮೇಲೆ ಜಾಗ ಸಿಗುತ್ತಿತ್ತು. 'ನಮ್ಮಪ್ಪ ಹೇಗಿದ್ದರು?' ಅಂತ ಕೇಳಿದರೆ ಮತ್ತೆ ಅದೇ ದೇವರಂಥ ಮನುಷ್ಯ. 'ಅವರ ಹತ್ತಿರ ನೀವು ಯಾವ ಕೆಲಸಕ್ಕೆ ಹೋಗಿದ್ರಿ? ಎಷ್ಟು ಸಲ ಅಲೆದ್ರಿ?' ಅಂತ ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತಿತ್ತು. ಒಬ್ಬರು, 'ಅಲೆಸ್ಲಿಲ್ಲ, ಆದ್ರೆ ಬೈದು ಬೈದು ಬರ್ಕೊಟ್ರು' ಅಂದರು. ನಮಗೆ ಬೇಕಿದ್ದದ್ದು ಇಂಥ ಮಾತು. ಫೋನಿನಲ್ಲಿ ರೆಕಾರ್ಡ್ ಮಾಡುವ ಮೊದಲು ಕೇಳಿಕೊಳ್ಳುತ್ತಿದ್ದೆ. ಬೇಡ ಅಂದವರ ಮಾತನ್ನು ಸಂಜೆ ಮನೆಗೆ ಬಂದು ನೆನಪಿನಿಂದ ಬರೆದೆ.

ಇಸವಿ ಯಾರಿಗೂ ನೆನಪಿರುವುದಿಲ್ಲ. ಇದಕ್ಕೆ ಉಪಾಯ ಅಪ್ಪನಿಂದಲೇ ಸಿಕ್ಕಿತು. ಪರಶುರಾಂಪುರ ಹೋಬಳಿಯಲ್ಲಿದ್ದಾಗ ವೃದ್ಧಾಪ್ಯ ವೇತನದ ಅರ್ಜಿ ಬರೆಸಲು ಬರುತ್ತಿದ್ದ ಮುದುಕಿಯರಿಗೆ ಹುಟ್ಟಿದ ವರ್ಷ ಗೊತ್ತಿರುತ್ತಿರಲಿಲ್ಲ, ದಾಖಲೆಯೂ ಇರುತ್ತಿರಲಿಲ್ಲ. ಅಪ್ಪ ಕೇಳುತ್ತಿದ್ದ ಪ್ರಶ್ನೆಯನ್ನು ಅಲ್ಲಿಯ ಒಬ್ಬರು ಹಾಗೇ ಹೇಳಿದರು: 'ಮಾರಿಕಣಿವೆ ಕೋಡಿ ಬಿದ್ದಾಗ ನೀನು ಎಷ್ಟುದ್ದ ಇದ್ದೆ?' ಮಾರಿಕಣಿವೆ ಅಂದರೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ವೇದಾವತಿಯ ಕೆಳಗಿನ ಊರುಗಳಲ್ಲಿ ಆ ನೀರನ್ನು ಯಾರು ಮರೆಯುತ್ತಾರೆ? ಕೈ ಎತ್ತಿ 'ಇಷ್ಟುದ್ದ' ಅಂತ ತೋರಿಸಿದರೆ ವಯಸ್ಸಿನ ಅಂದಾಜು ಸಿಗುತ್ತಿತ್ತು. ನಾನೂ ಅದೇ ದಾರಿ ಹಿಡಿದೆ. 'ಇಂದಿರಾ ಗಾಂಧಿ ಸತ್ತ ವರ್ಷಕ್ಕೆ ಮೊದಲೋ ಆಮೇಲೋ?' 'ಜಿಲ್ಲೆ ಒಡೆದಿತ್ತಾ?' ಮೊದಲನೆಯದು 1984. ಎರಡನೆಯದು, ಚಿತ್ರದುರ್ಗದಿಂದ ದಾವಣಗೆರೆ ಬೇರೆ ಜಿಲ್ಲೆಯಾದದ್ದು, 1997. ಸಿಕ್ಕ ಉತ್ತರವನ್ನು ಎಸ್.ಆರ್. ಜತೆ ಹೋಲಿಸಿದರೆ ಹೆಚ್ಚಿನವು ತಾಳೆಯಾದವು. ತಾಳೆಯಾಗದ ಕೆಲವು ಬೇರೆ ಯಾರದೋ ಲೆಕ್ಕಿಗರ ಕಥೆಗಳು. ಚೆನ್ನಾಗಿದ್ದರೂ ಬಿಟ್ಟೆವು.

ಜಿಲ್ಲೆ ಒಡೆದದ್ದರಿಂದ ಜೋಡಿಸುವುದೂ ಒಂದು ತಲೆನೋವಾಯಿತು. ಜಗಳೂರು ದಾವಣಗೆರೆಗೆ ಬಂತು, ಚಳ್ಳಕೆರೆ ಚಿತ್ರದುರ್ಗದಲ್ಲೇ ಉಳಿಯಿತು. ಅಣ್ಣ ಇಸವಿ ಪ್ರಕಾರ ಹೋಗೋಣ ಅಂದ. ನಾನು ಊರಿನ ಪ್ರಕಾರ ಅಂದೆ. ಓದುವವರು ತಮ್ಮ ಊರಿನ ಪುಟವನ್ನೇ ಮೊದಲು ತೆಗೆಯುತ್ತಾರೆ, ಅಲ್ವಾ? ಕೊನೆಗೆ ನನ್ನ ಮಾತೇ ನಡೆಯಿತು.

ಪುಸ್ತಿಕೆಯಲ್ಲಿ ನಾನು ಜಾಸ್ತಿ ಜಾಗ ಕೊಟ್ಟದ್ದು ಪಹಣಿಗೆ, ಅಂದರೆ ಜಮೀನಿನ ದಾಖಲೆಗೆ. ಭೂಮಿ ಯೋಜನೆಯಲ್ಲಿ ಕಂಪ್ಯೂಟರ್ ಬರುವ ತನಕ ಪಹಣಿ ಕೈಬರಹದ್ದು, ಬರೆಯುವವರು ಗ್ರಾಮ ಲೆಕ್ಕಿಗರು. 9ನೇ ಕಾಲಂನಲ್ಲಿ ಜಮೀನು ಯಾರದ್ದು ಅಂತ ಇರುತ್ತದೆ, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರು ಯಾರು ಅಂತ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಉಳುತ್ತಿದ್ದ ಜಮೀನು ತಮ್ಮ ಹೆಸರಿಗೆ ಆಗಲಿ ಅಂತ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯ ಮಂಡಳಿಯ ಮುಂದೆ ಅವರ ಕೈಯಲ್ಲಿದ್ದ ದೊಡ್ಡ ಸಾಕ್ಷಿ ಹಿಂದಿನ ವರ್ಷಗಳ ಆ 12ನೇ ಕಾಲಂ. ಹೆಸರು ಇದ್ದರೆ ಹಕ್ಕು ಕೇಳಲು ಒಂದು ಆಧಾರ. ಇಲ್ಲದಿದ್ದರೆ ಬಾಯಿಮಾತು. ಹಾಗಾಗಿ ಬೆಳೆ ನೋಡಲು ಹೋದಾಗ ಲೆಕ್ಕಿಗ ಹೊಲದಲ್ಲಿ ನಿಂತು ಬರೆದನೋ, ಜಮೀನ್ದಾರರ ಪಡಸಾಲೆಯಲ್ಲಿ ಕೂತು ಬರೆದನೋ ಅನ್ನೋದರ ಮೇಲೆ ಒಂದೊಂದು ಮನೆಯ ಮುಂದಿನ ಬಾಳು ನಿಂತಿತ್ತು. ಅಪ್ಪನಿಗೆ ಆಗ ಇಪ್ಪತ್ತೈದರ ಆಸುಪಾಸು. ಬಿಳಿಚೋಡು ಹೋಬಳಿಯಲ್ಲಿ ಸೈಕಲ್ ತುಳಿದು ಹೊಲಕ್ಕೇ ಹೋಗುತ್ತಿದ್ದರು, ನೇಗಿಲು ಹಿಡಿದವನ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು ಅಂತ ಆ ಕಡೆ ಹಲವರು ಹೇಳಿದರು. ಅವರಲ್ಲಿ ಒಬ್ಬರು ಹಳೇ ಪಹಣಿಯ ನಕಲನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸಿದರು. ಅಪ್ಪನ ಅಕ್ಷರ ನನಗೆ ಗೊತ್ತಾಯಿತು. ಅದರ ಫೋಟೊ ತೆಗೆದುಕೊಂಡೆ. ಹೆಸರು, ಸರ್ವೆ ನಂಬರ್ ಮುಚ್ಚಿ ಅಚ್ಚು ಹಾಕಿಸಿದೆವು.

ಅಚ್ಚಿನ ಕೆಲಸ ಬೇಗ ಮುಗಿಯಿತು. ನಾವು ಟೈಪ್ ಮಾಡಿದ್ದು ಯುನಿಕೋಡಿನಲ್ಲಿ, ಪ್ರೆಸ್ಸಿನವರು ಕೇಳಿದ್ದು 'ನುಡಿ' ತಂತ್ರಾಂಶದ ಅಕ್ಷರದಲ್ಲಿ. ಬದಲಾಯಿಸಿದಾಗ ಒತ್ತಕ್ಷರ ಕೆಲವು ಕಡೆ ಒಡೆದವು, ಆದ್ದರಿಂದ ಕರಡನ್ನು ಕಾಗದದ ಮೇಲೆ ತೆಗೆಸಿ ಓದಿ. 16 ಪುಟಕ್ಕೆ ಒಂದು ಫಾರಂ. ಮೂರು ಫಾರಂಗೆ ಅಂದರೆ 48 ಪುಟಕ್ಕೆ ಕೂರಿಸಿದರೆ ಕಾಗದ ದಂಡವಾಗುವುದಿಲ್ಲ. ಫೋಟೊ ಜಾಸ್ತಿ ಹಾಕಲಿಲ್ಲ. ಸನ್ಮಾನದ ಶಾಲು ಹೊದ್ದ ಫೋಟೊ ಒಂದೂ ಇಲ್ಲ.

ಜಗಳ ಆದದ್ದು ಕೊನೆಯ ಕರಡಿನ ಮೇಲೆ. 12ನೇ ಕಾಲಂನಿಂದ ಜಮೀನು ಕಳೆದುಕೊಂಡವರಲ್ಲಿ ನಮ್ಮ ದೂರದ ಸಂಬಂಧದ ಒಬ್ಬ ದೊಡ್ಡಪ್ಪನೂ ಇದ್ದರು. ಆಮೇಲೆ ನಮ್ಮ ಮನೆಯ ಮದುವೆಗಳಿಗೆ ಅವರು ಬರಲಿಲ್ಲ. ಈಗ ಅವರಿಗೆ ಎಂಬತ್ತು ದಾಟಿದೆ. ಅವರನ್ನೂ ಮಾತಾಡಿಸಬೇಕು ಅಂತ ಹೋದೆ. ಚಹಾ ಕೊಟ್ಟರು. 'ಅವನು ಸುಳ್ಳು ಬರೀಲಿಲ್ಲ. ಆದ್ರೆ ಮೊದಲೇ ಬಂದು ಒಂದು ಮಾತು ಹೇಳಬಹುದಿತ್ತು, ಹೇಳ್ಲಿಲ್ಲ' ಅಂದರು. ಹಾಕಿಕೊಳ್ಳಲೇ ದೊಡ್ಡಪ್ಪ ಅಂತ ಕೇಳಿದೆ. ಹಾಕು, ಹೆಸರು ಬೇಡ ಅಂದರು. ಅವ್ವನಿಗೆ ಇದು ಸುತಾರಾಂ ಇಷ್ಟವಾಗಲಿಲ್ಲ. ಪುಣ್ಯಸ್ಮರಣೆಯ ಪುಸ್ತಕದಲ್ಲಿ ಇದೆಲ್ಲ ಯಾಕೆ ಅಂತ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಣ್ಣನೂ ಅವ್ವನ ಕಡೆಗೇ ವಾಲಿದ. ನಾನು ತೆಗೆಯಲಿಲ್ಲ. ಬಡ್ತಿ ಬಿಟ್ಟದ್ದನ್ನು ಮನೆಯಲ್ಲಿ ಹೇಳದ ಮನುಷ್ಯ, ಆ ಮಾತನ್ನೂ ಹೇಳದೇ ಇದ್ದಿರಬಹುದು. ಆ ಊರಿನ ಅಧ್ಯಾಯ ಮುಗಿಯುವ ಕಡೆ ದೊಡ್ಡಪ್ಪನ ಮಾತನ್ನು ಅವರು ಹೇಳಿದಂತೆಯೇ ಹಾಕಿದ್ದೇನೆ.