ಮರೆವಿನ ಕಾಯಿಲೆ, ಮುದ್ದೆಯ ಊಟ: ನನ್ನ ಅನುಭವ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬುದು ಕೋಲಾರದ ಕಡೆ ಮಕ್ಕಳಿಗೂ ಗೊತ್ತು. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಇಳಿಸಿದರೆ ಆಯಿತು. ಡಿಮೆನ್ಶಿಯಾ ಬಂದ ನನ್ನ ಹೆಂಡತಿಯ ಊಟದಲ್ಲಿ ಕೊನೆಗೆ ದೊಡ್ಡ ತೊಡಕಾದದ್ದು ಈ ನುಂಗುವ ಕೆಲಸವೇ. ನಾವಿರುವುದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿಯ ಅಧ್ಯಯನವನ್ನು 2018ರಲ್ಲೇ ಶುರುಮಾಡಿದ್ದರಿಂದ ಕಾಯಿಲೆಯ ಹೆಸರು ಇಲ್ಲಿ ಅಷ್ಟು ಅಪರಿಚಿತವಲ್ಲ. ಆದರೆ ಹೆಸರು ಗೊತ್ತಿದ್ದ ಮಾತ್ರಕ್ಕೆ ಒಲೆಯ ಮುಂದೆ ಏನು ಮಾಡಬೇಕೆಂದು ತಿಳಿಯುವುದಿಲ್ಲವಲ್ಲ.

ಶುರುವಿನಲ್ಲಿ ಹಸಿವು ಚೆನ್ನಾಗಿಯೇ ಇತ್ತು. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಇಟ್ಟರೆ ಮಾತ್ರ ಸುಮ್ಮನೆ ಕೂತಿರುತ್ತಿದ್ದಳು. ಅದನ್ನೇ ಬಾಳೆ ಎಲೆಗೆ ಬಡಿಸಿದರೆ ಕೈ ತಾನಾಗಿ ಹೋಗುತ್ತಿತ್ತು. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ, ಒಂದೇ ಬಣ್ಣದ ಮೇಲೆ ಇಟ್ಟದ್ದನ್ನು ಬೇರೆ ಮಾಡಿ ನೋಡಲು ಮಿದುಳಿಗೆ ಕಷ್ಟ. ಅಂದಿನಿಂದ ಅನ್ನಕ್ಕೆ ಹಸಿರು ಎಲೆ, ಮುದ್ದೆಗೆ ಬಿಳಿ ಪಿಂಗಾಣಿ ತಟ್ಟೆ. ಒಗ್ಗರಣೆಯ ಸಾಸಿವೆ, ಕರಿಬೇವನ್ನು ಹುಳವೆಂದು ಆರಿಸಿ ಎಸೆಯುತ್ತಿದ್ದಳು. ಈಗ ಇಂಗು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆಯನ್ನು ಸೋಸಿ ಎಣ್ಣೆ ಮಾತ್ರ ಸುರಿಯುತ್ತೇನೆ. ಘಮಕ್ಕೇನೂ ಕೊರತೆಯಿಲ್ಲ. ಬಡಿಸುವುದೂ ಒಂದೊಂದೇ ಪದಾರ್ಥ.

ಟಿವಿ ಆರಿಸಿ, ನಾನೂ ಎದುರಿಗೆ ಕೂತು ಉಣ್ಣುತ್ತಿದ್ದೆ. ನನ್ನ ಕೈ ಬಾಯಿಗೆ ಹೋಗುವುದನ್ನು ಕಂಡರೆ ಅವಳದೂ ಹೋಗುತ್ತಿತ್ತು. ಅವಳ ಮಾತಿನಲ್ಲಿ ಕನ್ನಡ ಹಿಂದೆ ಸರಿದು ತವರಿನ ತೆಲುಗು ಮುಂದೆ ಬಂದಿದೆ. ಕೆಲವು ದಿನ ನಾನು ಅವಳಿಗೆ ಅಣ್ಣ. “ಅಣ್ಣಾ, ಸಂಗಟಿ (ಮುದ್ದೆ) ಆಯಿತಾ?” ಎಂದು ತೆಲುಗಿನಲ್ಲಿ ಕೇಳಿದರೆ, “ಆಯಿತಮ್ಮ, ಬಾ ಕೂತುಕೋ” ಎನ್ನುತ್ತೇನೆ. ನಾನು ನಿನ್ನ ಗಂಡ ಎಂದು ವಾದಕ್ಕಿಳಿದರೆ ಊಟ ಆರುತ್ತದೆ ಅಷ್ಟೇ. ಉಂಡು ಕೈ ತೊಳೆದ ಮೇಲೆ “ಊಟವೇ ಹಾಕಿಲ್ಲ” ಎಂದು ಬೀದಿಯವರಿಗೆ ದೂರಿದ್ದೂ ಉಂಟು. ಅದಕ್ಕೆಂದೇ ಊಟದಲ್ಲಿ ಒಂದು ಪಾಲು ತೆಗೆದಿಟ್ಟಿರುತ್ತಿದ್ದೆ.

ಆಮೇಲೆ ಕೆಮ್ಮು ಶುರುವಾಯಿತು. ಊಟದ ನಡುವೆ ಕೆಮ್ಮು, ಉಂಡ ಮೇಲೆ ನೀರು ನಿಂತಂಥ ಗೊರಗೊರ ದನಿ, ಕೆನ್ನೆಯೊಳಗೆ ಹಾಗೆಯೇ ಉಳಿದ ತುತ್ತು. ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಆಹಾರ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆ ಮೊದಲು ಬಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು, ಹಾಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ನುಂಗುವುದನ್ನು ಪರೀಕ್ಷಿಸುವವರು ಸ್ಪೀಚ್ ಥೆರಪಿಸ್ಟ್. ನಮಗೆ ಸಿಕ್ಕವರು ಮುದ್ದೆಯನ್ನು ನಿಲ್ಲಿಸಿ ಎಂದರು. ಅಂಟಂಟಾದ ಉಂಡೆ, ಅದೂ ಅಗಿಯದೆ ಇಳಿಯಬೇಕಾದದ್ದು, ಬಲ ಕುಂದಿದ ಗಂಟಲಿಗೆ ಅಪಾಯ.

ರಾಗಿ ಬಿಡಲು ನನಗೆ ಮನಸ್ಸಿರಲಿಲ್ಲ, ಬಿಡಬೇಕಾಗಿಯೂ ಬರಲಿಲ್ಲ. ನೀರು ಕುಡಿದರೆ ಕೆಮ್ಮುವವಳು ಗಟ್ಟಿ ಅಂಬಲಿಯನ್ನು ಸಲೀಸಾಗಿ ನುಂಗುತ್ತಾಳೆ. ತೆಳ್ಳಗಿನದು ಗಂಟಲು ಸಿದ್ಧವಾಗುವ ಮೊದಲೇ ಜಾರಿಬಿಡುತ್ತದಂತೆ. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕುದಿಯುವ ನೀರಿಗೆ ಸುರಿದು ಕೈ ಬಿಡದೆ ತಿರುವುತ್ತೇನೆ. ಒಂದು ಗಂಟೂ ಉಳಿಯಬಾರದು. ಚಮಚ ಓರೆ ಮಾಡಿದರೆ ಸುರಿಯದೆ ನಿಧಾನವಾಗಿ ಜಾರಬೇಕು. ಆರಿದಂತೆ ಇನ್ನೂ ಗಟ್ಟಿಯಾಗುವುದರಿಂದ ಈ ಪರೀಕ್ಷೆ ಒಲೆಯ ಮೇಲಲ್ಲ, ಬಡಿಸುವಾಗ. ಎಷ್ಟು ಗಟ್ಟಿ ಇರಬೇಕೆಂಬುದು ಒಬ್ಬೊಬ್ಬರಿಗೆ ಒಂದೊಂದು, ಪರೀಕ್ಷಿಸಿದವರೇ ಹೇಳಬೇಕು. ಅವರೆ ಕಾಲದಲ್ಲಿ ಹಿತಕಿದ ಬೇಳೆಯನ್ನು ನುಣ್ಣಗೆ ರುಬ್ಬಿ ತುಪ್ಪ ಬೆರೆಸುತ್ತೇನೆ. ಇಡೀ ಅವರೆಕಾಳಿನ ಸಿಪ್ಪೆ ಗಂಟಲಿಗೆ ಅಂಟುತ್ತದೆ, ಬೇಡ. ಸಾರಿಗೆ ಮುಖ ತಿರುಗಿಸುವ ದಿನವೂ ಸಿಹಿಗೆ ಬಾಯಿ ತೆರೆಯುತ್ತಾಳೆ. ಮಾವಿನ ಊರಿನಲ್ಲಿದ್ದುಕೊಂಡು ಅದಕ್ಕೆ ಬರವೇ? ಸೋಸಿದ ಬಾದಾಮಿ ಹಣ್ಣಿನ ತಿರುಳು ಇದ್ದೇ ಇರುತ್ತದೆ. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ. ಇದ್ದವರು ವೈದ್ಯರನ್ನು ಕೇಳಿಯೇ ಕೊಡಬೇಕು.

ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಗದ್ದ ಕೊಂಚ ತಗ್ಗಿಸಿ, ಅವಳ ಕೈಗೆ ಚಮಚ ಕೊಟ್ಟು ಕೆಳಗಿನಿಂದ ನನ್ನ ಕೈ ಆನಿಸುತ್ತೇನೆ. ಒಮ್ಮೆಗೆ ಅರ್ಧ ಚಮಚ. ಗಂಟಲು ಮೇಲೆದ್ದು ಇಳಿದದ್ದು ಕಂಡ ಮೇಲೆಯೇ ಮುಂದಿನದು. ಊಟವಾಗಿ ಅರ್ಧ ಗಂಟೆ ಮಲಗಿಸುವುದಿಲ್ಲ. ಬಾಯಿ ಒರೆಸಿ, ಕೆನ್ನೆಯಲ್ಲಿ ಏನೂ ಉಳಿದಿಲ್ಲವೆಂದು ನೋಡುತ್ತೇನೆ. ಬೇಡವೆಂದು ಕೈ ತಳ್ಳಿದರೆ ಎದ್ದು ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬರುತ್ತೇನೆ, ಬಲವಂತ ಮಾಡುವುದಿಲ್ಲ. ಮಣಿಕಟ್ಟಿನ ಬಳೆ ಮೊಣಕೈಯತ್ತ ಸರಿಯತೊಡಗಿದ ಮೇಲೆ ತಿಂಗಳಿಗೊಮ್ಮೆ ತೂಕ ನೋಡಿಸಿ ಬರೆದಿಡುತ್ತಿದ್ದೇನೆ.

ಮೂಗಿನಿಂದ ಟ್ಯೂಬ್ ಹಾಕಿಸಬಾರದೇ ಎಂದು ನೆಂಟರು ಬಂದಾಗಲೆಲ್ಲ ಕೇಳುತ್ತಾರೆ. ಕಾಯಿಲೆ ಬಹಳ ಮುಂದುವರಿದವರಲ್ಲಿ ಟ್ಯೂಬ್ ನ್ಯುಮೋನಿಯಾವನ್ನು ತಡೆಯುವುದಿಲ್ಲ, ಆಯಸ್ಸು ಹೆಚ್ಚಿಸುತ್ತದೆ ಎನ್ನಲೂ ಆಧಾರವಿಲ್ಲ; ಜೋಪಾನವಾಗಿ ಕೈಯಾರೆ ಉಣಿಸುವುದೇ ಮೇಲು ಎನ್ನುತ್ತದೆ ವೈದ್ಯಶಾಸ್ತ್ರ. ಇಷ್ಟನ್ನು ಹೇಳಿ, ಗದ್ದ ತಗ್ಗಿಸುವುದನ್ನೂ ಕಾಯುವುದನ್ನೂ ತೋರಿಸಿಕೊಟ್ಟು, ಕೇಳಿದವರ ಕೈಗೇ ಚಮಚ ಕೊಡುತ್ತೇನೆ. ಒಂದು ಬಟ್ಟಲು ಅಂಬಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಾನು ಅಲ್ಲೇ ಪಕ್ಕದಲ್ಲಿ ಕೂತು, ಅಂದು ಒಂದು ಹೊತ್ತಾದರೂ ಬಿಸಿಯಾಗಿ ಉಣ್ಣುತ್ತೇನೆ.