ಮಂಜಿರೊನ ಕಥಿ ಹುಡುಗ್ರಿಗೆ ಹೆಂಗ್ ಹೇಳೂದು

ಸಮುದ್ರಾನ ನೋಡಿಲ್ಲದ ನಮ್ಮ ಬಾಗಲಕೋಟಿ ಹುಡುಗ್ರಿಗೆ ಈ ಜಪಾನಿ ಮೀನುಗಾರನ ಕಥಿ ಹೇಳ್ಬೇಕಂದ್ರ ಮೊದಲ ಇಸ್ವಿ ಹೇಳಾಕ ಹೋಗಬ್ಯಾಡ್ರಿ, ನಿದ್ದಿ ಹೊಡೀತಾವ. ಆಲಮಟ್ಟಿ ಹಿನ್ನೀರಿನಿಂದ ಶುರು ಮಾಡ್ರಿ, ಆಚಿ ದಂಡಿನ ಕಾಣಲಿಲ್ಲಂದ್ರ ಏನ್ ಮಾಡ್ತಿ ಅಂತ ಕೇಳ್ರಿ, ಆಮ್ಯಾಲ 14 ವರ್ಷದ ಮಂಜಿರೊನ್ನ ದೋಣಿ ಹತ್ತಸ್ರಿ.

1841, ಐದ್ ಮಂದಿ, ಬಿರುಗಾಳಿ, ತೊರಿಶಿಮಾ ಅನ್ನೂ ಬರಡು ದ್ವೀಪ. ಇಲ್ಲಿ ಅವಸರ ಮಾಡಬ್ಯಾಡ್ರಿ. ಆಲ್ಬಟ್ರಾಸ್ ಅನ್ನೂ ದೊಡ್ಡ ಹಕ್ಕಿ ಹಿಡದು ತಿಂದು, ಮಳಿ ನೀರು ಕುಡದು ತಿಂಗಳಗಟ್ಟಲೆ ಜೀವ ಹಿಡಕೊಂಡಿದ್ರು. ನಮ್ಮ ಸಣ್ಣಾಕಿ "ರೊಟ್ಟಿ ಇದ್ದಿಲ್ಲೇನ್ ಕಾಕಾ" ಅಂದ್ಲು, ಇದ್ದಿಲ್ಲವಾ ಅಂದೆ, ಕೈಯಾಗಿನ ರೊಟ್ಟಿ ಕೆಳಗ ಇಟ್ಟು ಕುಂತ್ಲು.

ಅಮೆರಿಕದ ತಿಮಿಂಗಿಲ ಬೇಟೆ ಹಡಗು ಬಂದದ್ದು, ಅದರ ಕ್ಯಾಪ್ಟನ್ ವಿಟ್‌ಫೀಲ್ಡ್ ಮಂಜಿರೊನ್ನ ಅಮೆರಿಕದಾಗಿನ ತನ್ನ ಊರು ಫೇರ್‌ಹೇವನ್‌ಗೆ ಕರ್ಕೊಂಡು ಹೋಗಿ ಸಾಲಿಗೆ ಹಾಕಿದ್ದು, ಇವನ್ನ ಎರಡ ಮಾತಿನಾಗ ಮುಗಸ್ರಿ. ಕ್ಯಾಲಿಫೋರ್ನಿಯಾದ ಬಂಗಾರದ ಗಣಿಗೆ ಬಂದ್ರ ಮಾತ್ರ ಹುಡುಗ್ರು ಎದ್ದ ಕುಂದರ್ತಾರ, 1850ರಾಗ ಅಲ್ಲಿ ಅಗದು ಗಳಿಸಿದ ರೊಕ್ಕದಾಗ ವಾಪಸ್ ಹೊಂಟ.

ಸೀದಾ ಮನಿಗೆ ಯಾಕ್ ಹೋಗಲಿಲ್ಲ ಅಂತ ಕೇಳೇ ಕೇಳ್ತಾರ. ಆಗ ಜಪಾನ್ ಬಿಟ್ಟು ಹೋದವರು ತಿರುಗಿ ಬಂದ್ರ ಮರಣದಂಡನೆ ಅನ್ನೂ ಕಾನೂನಿತ್ರಿ, ಅದಕ್ಕ 1851ರಾಗ ಜಪಾನಿನ ದೊಡ್ಡ ದ್ವೀಪಗಳಿಂದ ದೂರ ಇರೂ ಒಕಿನಾವಾ ದ್ವೀಪದಾಗ ಇಳದ. ವಿಚಾರಣಿ ಮ್ಯಾಲ ವಿಚಾರಣಿ, ನಾಗಸಾಕಿನಾಗೂ ಬಿಡ್ಲಿಲ್ಲ.

ಅವ್ವನ್ನ ಕಂಡದ್ದು 1852ರಾಗ. ಇಲ್ಲಿ ದನಿ ಸಣ್ಣ ಮಾಡ್ರಿ. ಕೆಲವೇ ದಿನಕ್ಕ ಅವನ ಊರಿನ ಸೀಮಿ ಆಳೂ ದೊರಿ ಕಡೆಯಿಂದ ಮತ್ತ ಕರಿ ಬಂತು.